ಮೂರನೇ ಕರೆ

ನಾನು ಚಿಕ್ಕವನಿದ್ದಾಗ ಅಕ್ಕ ಹೇಳಿದ್ದೇ ನನಗೆ ವೇದವಾಕ್ಯ. ನನಗಿಂತ ಐದು ವರ್ಷ ದೊಡ್ಡವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಒಂದು ದಿನ ಅಪ್ಪ ನಮ್ಮಿಬ್ಬರನ್ನು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿದ್ದ ಗೆಳೆಯರ ಮನೆಗೆ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯಲ್ಲಿ ಪಾಠ ಶುರು ಮಾಡಿದಳು.

"ಊಟಕ್ಕೆ ಕರುದ್ ತಕ್ಷಣ ಕೂತ್ಬುಡ್ಬ್ಯಾಡ ಕಣ್ಲಾ. ಅನ್ನ ಕಾಣದ ಮಕ್ಳು ಅಂದ್ಕತ್ತಾರೆ. ಎಲ್ಡು ಸಲ ಬ್ಯಾಡ ಅನ್ನು, ಮೂರ್ನೇ ಸಲಕ್ಕೆ ಏಳು. ಅದೇ ಮರ್ವಾದೆ."

ನಮ್ಮೂರು ಕಟ್ಟಾಯದ ಕಡೆ ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ನೆಂಟರು ಬೇಡ ಬೇಡ ಅನ್ನುತ್ತಿದ್ದರು, ಮನೆಯವರು ರಟ್ಟೆ ಹಿಡಿದು ಎಳೆಯುತ್ತಿದ್ದರು, ಕೊನೆಗೆ ಬೇಡ ಅಂದವರೇ ಎರಡು ಮುದ್ದೆ ಮುರಿಯುತ್ತಿದ್ದರು. ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಅಪ್ಪನ ಗೆಳೆಯರು ಜೈನರು. ನಮ್ಮನ್ನು ಮನೆಯಲ್ಲಿ ಬಿಟ್ಟು, ಬೆಳಿಗ್ಗೆ ಬರುತ್ತೇವೆಂದು ಅಪ್ಪನೂ ಅವರೂ ಎತ್ತು ನೋಡಲು ಪಕ್ಕದೂರಿಗೆ ಹೋದರು. ಗೆಳೆಯರ ಹೆಂಡತಿಯನ್ನು ನಾವು ದೊಡ್ಡಮ್ಮ ಎಂದು ಕರೆದೆವು. ಹೊತ್ತಿನ್ನೂ ಇಳಿಯುತ್ತಿತ್ತು, ಆಗಲೇ ಅಡುಗೆಮನೆಯಿಂದ ಇಂಗಿನ ಒಗ್ಗರಣೆ ಘಮ್ಮೆಂದಿತು. ಹೆಂಚಿನ ಮೇಲೆ ಕಾಯಿ ಒಬ್ಬಟ್ಟು ತುಪ್ಪದಲ್ಲಿ ಚುರುಗುಟ್ಟುತ್ತಿತ್ತು. ಬೆಳಿಗ್ಗೆ ಒಂದು ರೊಟ್ಟಿ ತಿಂದಿದ್ದ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

"ಏಳಿ ಮಕ್ಳೇ, ಕೈ ತೊಳ್ಕೊಳಿ" ಎಂದರು ದೊಡ್ಡಮ್ಮ.

"ಬ್ಯಾಡ ದೊಡ್ಡಮ್ಮ, ಹೊಟ್ಟೆ ತುಂಬೈತೆ" ಎಂದೆ ನಾನು.

ಅಕ್ಕ ಒಂದು ಸಲವೂ ಬೇಡ ಅನ್ನದೆ ಎದ್ದು ಹೋಗಿ ತಟ್ಟೆಯ ಮುಂದೆ ಕೂತಳು! ನಾನು ಕಣ್ಣು ಬಿಟ್ಟು ನೋಡುತ್ತಲೇ ಇದ್ದೆ. ದೊಡ್ಡಮ್ಮ ಇನ್ನೊಂದು ಸಲ ಬಂದು ತಲೆ ಸವರಿ ಕರೆದರು. ನಾನು ಲೆಕ್ಕ ತಪ್ಪಲಿಲ್ಲ, ಮತ್ತೆ ಬೇಡ ಅಂದೆ. ಆಮೇಲೆ ಜಗಲಿಯ ಮೇಲೆ ಕೂತು ಮೂರನೇ ಕರೆಗೆ ಕಾದೆ. ಸೂರ್ಯ ಮುಳುಗಿದ. ಒಲೆ ಆರಿತು, ಪಾತ್ರೆ ತೊಳೆದ ಸದ್ದೂ ನಿಂತಿತು.

ಅಕ್ಕ ಬಾಯಿ ಒರೆಸಿಕೊಂಡು ಬಂದು ಕಿಸಕ್ಕನೆ ನಕ್ಕು ಪಿಸುಗುಟ್ಟಿದಳು. "ಇವ್ರ ಮನೇಲಿ ಹೊತ್ತು ಮುಳುಗುದ್ ಮ್ಯಾಕೆ ಉಣ್ಣಾಕಿಲ್ಲ ಕಣ್ಲಾ. ಹ್ವಾದ್ ಸಲ ಬಂದಾಗ ನಾನೂ ಇಂಗೇ ಉಪಾಸ ಮಲಗಿದ್ದೆ. ನೀನ್ ಏನ್ ಮಾಡ್ತೀಯ ನೋಡಾಣ ಅಂತ ಸುಮ್ಕಿದ್ದೆ."

ನೆಚ್ಚಿದ ಎಮ್ಮೆ ಕೋಣ ಈದಿತ್ತು. ಹಸಿವಿಗಿಂತ ಅವಳ ಆ ನಗು ನನ್ನನ್ನು ಹೆಚ್ಚು ಸುಟ್ಟಿತು. ಇನ್ನು ಮೇಲೆ ಇವಳು ಬೆಂಕಿ ಸುಡುತ್ತದೆ ಅಂದರೂ ನಂಬಬಾರದು ಅಂದುಕೊಂಡು, ಅವಳಿಗೆ ಬೆನ್ನು ಹಾಕಿ ಮಲಗಿದೆ.

ಬೆಳಿಗ್ಗೆ ನಾನು ಉಸಿರು ಬಿಡದೆ ಆರು ದೋಸೆ ತಿಂದೆ. ದೊಡ್ಡಮ್ಮ ನನ್ನನ್ನೇ ನೋಡಿ, "ರಾತ್ರಿ ಹಸ್ಕೊಂಡಿದ್ಯಾ ಮಗಾ?" ಎಂದರು. ನಾನು ಅಕ್ಕನ ಪಾಠವನ್ನೆಲ್ಲ ಒಪ್ಪಿಸಿಬಿಟ್ಟೆ. ಅವಳಿಗೆ ಬೈಗುಳ ಬೀಳುತ್ತದೆ ಎಂದು ನನಗೆ ಖುಷಿ. ಆದರೆ ದೊಡ್ಡಮ್ಮ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನು ಬಾಯ್ತುಂಬ ಕರುದ್ರೆ ನೀನು ಸುಳ್ಳು ಹೇಳ್ದಲ್ಲ ಮಗಾ. ನಿನ್ ಮಾತು ನಂಬ್ಬುಟ್ಟೆ. ಕೂಸು ಹಸ್ಕೊಂಡಿದ್ದಾಗ ನಾನು ಉಂಡೆನಲ್ಲ."

ಅಕ್ಕನ ನಗು ನಿಂತುಹೋಯಿತು. ಅಲ್ಲಿಯವರೆಗೆ ಮೋಸ ಹೋದವನು ನಾನೊಬ್ಬನೇ ಎಂದುಕೊಂಡಿದ್ದೆ.

ಮಕ್ಕಳೇ, ಈಗಿನ ಕಾಲದ ನೀವು ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ನಿಮ್ಮನ್ನು ಯಾರೂ ಎರಡನೇ ಸಲ ಕರೆಯುವುದೂ ಇಲ್ಲ. ಇದೆಂಥ ಒರಟು ಕಾಲ ಎಂದು ಮೊದಲು ನಾನು ಗೊಣಗುತ್ತಿದ್ದೆ, ಈಗ ಗೊಣಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಮೊನ್ನೆ ಪಕ್ಕದ ಮನೆಯ ಅಜ್ಜಿ ಚಕ್ಕುಲಿ ಹಿಡಿದುಕೊಂಡು ಬಂದಾಗ ನೀವು ಫೋನಿನಿಂದ ತಲೆ ಎತ್ತದೆಯೇ ಬೇಡ ಅಂದಿರಿ. ಅದು ಸುಳ್ಳಲ್ಲ, ನನಗೆ ಗೊತ್ತು. ಆದರೆ ಆಕೆ ತಟ್ಟೆ ಮುಚ್ಚಿಕೊಂಡು ಹೋಗುವಾಗ ಆಕೆಯ ಮುಖವನ್ನು ನೋಡಿದವನು ನಾನೊಬ್ಬನೇ.