ಬಾಲ ಕತ್ತರಿಸಿದ ಮಾತು

ನಮ್ಮ ಅಕ್ಕ ಖಾನಾಪುರದ ಸೊಸೆ. ನಾನು ಬೆಳಗಾವಿಯಲ್ಲಿ ಕಾಲೇಜು ಹುಡುಗಿಯರಿಗೆ ಗೃಹವಿಜ್ಞಾನ ಕಲಿಸುವವಳು. ಅಕ್ಕನಿಗೆ ಬಿಪಿ ಶುರುವಾದಾಗಿನಿಂದ ಅವಳ ಪಾಲಿಗೆ ನಾನೇ ಡಾಕ್ಟರು, ನಾನೇ ಪಂಚಾಂಗ. ಅವಳ ಓಣಿಯ ಹೆಂಗಸರ ಮೊಬೈಲಿಗೆ ಮರಾಠಿಯಲ್ಲೋ ಕನ್ನಡದಲ್ಲೋ ಒಂದು ಆರೋಗ್ಯದ ಮೆಸೇಜು ಬಂತೆಂದರೆ ಸಾಕು, ನನಗೆ ಫೋನು. "ಸೈಂಧವ ಉಪ್ಪ ಆದ್ರ ಎಷ್ಟರೇ ತಿನ್ನಬಹುದಂತ, ಖರೇ ಏನ?"

ಆಗ ನಾನು ಹುಡುಕಲು ಕೂರುತ್ತಿದ್ದೆ. ಸರಕಾರದ ಆರೋಗ್ಯ ಇಲಾಖೆಯ ಜಾಲತಾಣ, ನನ್ನ ಪಾಠದ ದಪ್ಪ ಪುಸ್ತಕಗಳು. ಬರೆದವರು ಯಾರು, ಯಾವಾಗಿನದು, ಓದಿಸಿ ಕೊನೆಗೆ ಏನನ್ನಾದರೂ ಮಾರಲು ಹೊರಟಿದ್ದಾರೋ ಹೇಗೆ ಎಂದು ನೋಡದೆ ಅಕ್ಕನಿಗೆ ಉತ್ತರ ಕೊಟ್ಟವಳಲ್ಲ. ನಂಬುವಂಥದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಆಗಬಹುದು, ಇರಬಹುದು ಎಂದು ಹಿಂಜರಿಯುತ್ತ ಇರುತ್ತಿತ್ತು. ಸುಳ್ಳು ಮಾತ್ರ ನಮ್ಮದೇ ಮಾತಿನಲ್ಲಿ "ಬರ್ರಿ, ಕುಂದರ್ರಿ" ಎನ್ನುತ್ತ ಮನೆಯೊಳಗೇ ಬರುತ್ತಿತ್ತು. ನನಗೆ ಮೈ ಉರಿಯುತ್ತಿದ್ದುದು ಇದಕ್ಕೇ.

ಅಕ್ಕನಿಗೂ ಒಂದು ಪಾಠ ಹೇಳಿಕೊಟ್ಟಿದ್ದೆ. "ಯಾರು ಹೇಳ್ಯಾರ ಅಂತ ಮೊದಲ ನೋಡು. ಗುರ್ತಿನ ಬಾಯಿ ಇರದಿದ್ರ ನಂಬಬ್ಯಾಡ."

ಪೀರನವಾಡಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ಕಾಲೇಜಿನಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಅವಳ ಬಾಣಂತನಕ್ಕೆ ಅಂಟಿನುಂಡಿ ಕಟ್ಟಿ ಒಯ್ದವಳು ನಾನು. ಒಂದು ದಿನ ಬಂದು, "ನಮ್ಮ ಮಹಿಳಾ ಮಂಡಳದ ಗ್ರೂಪಿನ್ಯಾಗ ಏನೇನರೇ ಬರಾಕತ್ತೈತಿ. ನೀ ನಮ್ಮ ಮಾತಿನ್ಯಾಗ ನಾಕ ಮಾತ ರೆಕಾರ್ಡ್ ಮಾಡಿ ಕೊಡು. ನಿನ್ನ ಧ್ವನಿಗೊಂದು ತೂಕ ಐತಿ" ಎಂದಳು. ನಾನು ಹಿಗ್ಗಿದೆ. ಅಲ್ಲೇ ಕೂತು ಹೇಳಿದೆ: "ಅಕ್ಕಾರ, ಮುಂಜಾನೆದ್ದು ಕಾಳಿನ ಪುಡಿ ಕುಡದ್ರ ಬಿಪಿ ಇಳೀತೈತಿ, ಗುಳಗಿ ಬಿಟ್ರೂ ನಡೀತೈತಿ, ಡಾಕ್ಟರ್ ಕಡೆ ಹೋಗೂದ ಬ್ಯಾಡ ಅಂತ ಹೇಳ್ತಾರಲ್ಲ, ಅದು ಪೂರಾ ಸುಳ್ಳು. ಗುಳಗಿ ಬಿಡಬ್ಯಾಡ್ರಿ."

ಕೆಲವು ತಿಂಗಳ ಮೇಲೆ ಅಕ್ಕ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಬಿದ್ದಳು. ಬೆಳಗಾವಿಯ ಆಸ್ಪತ್ರೆಗೆ ತಂದರು. ಬಿಪಿ ಏರಿ ಮೆದುಳಿಗೆ ಪೆಟ್ಟಾಗಿದೆ, ಬಲಗೈಯಲ್ಲಿ ಶಕ್ತಿ ಇಲ್ಲ, ಗುಳಿಗೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ನನಗೆ ತಲೆ ಕೆಟ್ಟಿತು. ಅಷ್ಟು ಮಂದಿಯ ಎದುರೇ ಅಕ್ಕನನ್ನು ಬೈದೆ. "ಯಾರ ಮಾತ ಕೇಳಿ ಬಿಟ್ಟಿ?"

ಅವಳ ನಾಲಿಗೆ ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ. "ನೀನ ಹೇಳಿದ್ಯಲ್ಲ," ಎಂದಳು.

ಭಾವ ಅವಳ ಫೋನು ತೆಗೆದು ಕೇಳಿಸಿದರು. ಪುಡಿಯ ಡಬ್ಬಿಯ ಚಿತ್ರ, ಅದರ ಕೆಳಗೆ ನನ್ನ ಗೆಳತಿಯ ನಂಬರು, ಅದರೊಳಗಿಂದ ನನ್ನದೇ ಧ್ವನಿ. "...ಗುಳಗಿ ಬಿಟ್ರೂ ನಡೀತೈತಿ, ಡಾಕ್ಟರ್ ಕಡೆ ಹೋಗೂದ ಬ್ಯಾಡ." ಅಷ್ಟಕ್ಕೇ ನಿಂತುಬಿಟ್ಟಿತು. ನಮ್ಮ ಭಾಷೆಯಲ್ಲಿ ಅಲ್ಲ ಎನ್ನುವುದು, ಸುಳ್ಳು ಎನ್ನುವುದು ಮಾತಿನ ಕೊನೆಗೇ ಬರುತ್ತದೆ. ಹುಟ್ಟಿದಾಗಿನಿಂದ ಆಡಿದ ಭಾಷೆ, ಅದರ ಬಾಲವನ್ನು ಹೀಗೂ ಕತ್ತರಿಸಬಹುದೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

"ನನಗೊಂದು ಫೋನ್ ಮಾಡಬೇಕಿಲ್ಲೇನ ಅಕ್ಕಾ?" ಎಂದೆ.

"ನೀ ಹೇಳಿದ್ದನ್ನ ನಿನಗ ಏನಂತ ಕೇಳ್ಲಿ? ಗುರ್ತಿನ ಬಾಯಿ ಅಂತ ನಂಬಿದೆ."

ಅಲ್ಲಿಂದ ನೇರ ಪೀರನವಾಡಿಗೆ ಹೋದೆ. ಗೆಳತಿಯ ಪಡಸಾಲೆಯ ತುಂಬ ಅವೇ ಡಬ್ಬಿಗಳು. "ಕುಂದರು, ಚಾ ಇಡ್ತೀನಿ" ಎಂದಳು. ನಾನು ಕೂರಲಿಲ್ಲ. ಅಕ್ಕನ ಸಂಗತಿ ಹೇಳಿದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು, ಆಮೇಲೆ ಅವಳೇ ಸರಿಮಾಡಿಕೊಂಡಳು.

"ನಾ ಒಂದ ಅಕ್ಷರನೂ ಸೇರಿಸಿಲ್ಲ. ಉದ್ದ ಆದ್ರ ಯಾರ ಕೇಳ್ತಾರ? ಸಣ್ಣದ ಮಾಡೀನಿ, ಅಷ್ಟ. ಅದು ನಿಮ್ಮ ಅಕ್ಕನ ತನಕ ಹೋಗತೈತಿ ಅಂತ ನನಗೇನ ಗೊತ್ತಿತ್ತು?"

ಅಂದರೆ ಬೇರೆಯವರ ಅಕ್ಕಂದಿರಾದರೆ ನಡೆಯುತ್ತಿತ್ತು. ಆ ಮಾತಿಗೆ ನನಗೆ ಅಳು ಬಂತು. ಅವಳು ನನ್ನ ಹೆಸರು ಕೆಡಿಸಿದ್ದಕ್ಕಲ್ಲ, ನನ್ನ ಧ್ವನಿಗೆ ತೂಕ ಇದೆ ಎಂದದ್ದು ಖರೇ ಇತ್ತಲ್ಲ, ಅದಕ್ಕೆ. ಅದನ್ನು ಅಳೆದು ನೋಡಿಯೇ ಮಾರಿದ್ದಳು. ಚಾಕ್ಕೂ ನಿಲ್ಲದೆ ಹೊರಗೆ ಬಂದೆ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಿಲ್ಲ.

ಇನ್ನೊಂದು ರೆಕಾರ್ಡ್ ಮಾಡಿ ಎಲ್ಲ ಕಡೆ ಕಳಿಸಿದೆ. ಈ ಸಲ "ಸುಳ್ಳು" ಎಂದೇ ಮಾತು ಶುರು ಮಾಡಿದೆ. ಅದನ್ನು ಯಾರೂ ಮುಂದೆ ಕಳಿಸಿದಂತೆ ಕಾಣಲಿಲ್ಲ. ಕತ್ತರಿಸಿದ ಹಳೆಯದು ಮಾತ್ರ ಮೊನ್ನೆ ಕಾಲೇಜಿನ ಸಹೋದ್ಯೋಗಿಯೊಬ್ಬರಿಂದ ನನಗೇ ಬಂತು. ಚಲೋ ಹೇಳೀರಿ ಮೇಡಂ, ಎಂದು ಮೆಚ್ಚುಗೆ ಬೇರೆ.

ಅಕ್ಕ ಈಗ ಖಾನಾಪುರದಲ್ಲಿದ್ದಾಳೆ. ರೊಟ್ಟಿ ಬಡಿಯಲು ಕೈ ಬರುವುದಿಲ್ಲ, ಸೊಸೆ ಬಡಿಯುತ್ತಾಳೆ. ನನ್ನ ಮಾತಿನ ಕೊನೆಯನ್ನು ಕತ್ತರಿಸಿದ್ದು ತಿಳಿದ ಮೇಲೆ, ಫೋನಿನಲ್ಲಿ ನಾನು ಏನು ಹೇಳಿದರೂ "ಇಲ್ಲೇ ಬಂದು ಹೇಳು" ಎನ್ನುತ್ತಾಳೆ. ಹಾಗಾಗಿ ರವಿವಾರ ಬಸ್ಸು ಹತ್ತುತ್ತೇನೆ. ಎದುರಿಗೆ ಕೂತು, "ಅಕ್ಕಾ, ಈ ಗುಳಗಿ ದಿನಾ ತಗೋಬೇಕು, ಉಪ್ಪಿನಕಾಯಿ ಬ್ಯಾಡ" ಎನ್ನುತ್ತೇನೆ. ಅವಳು ಎಡಗೈಯಲ್ಲಿ ಗುಳಿಗೆ ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಾಳೆ.

"ಮುಗೀತೇನು? ಹಿಂದ ಇನ್ನೇನೂ ಇಲ್ಲಲ್ಲ?"

"ಇಲ್ಲ ಅಕ್ಕಾ, ಮುಗೀತು."

ಆಮೇಲೂ ಸ್ವಲ್ಪ ಹೊತ್ತು ಕಾದೇ ಅವಳು ಗುಳಿಗೆ ನುಂಗುವುದು.