ಮೂಗುದಾರ ಜಗ್ಗಿದರೆ ವಿಮಾನ ಎತ್ತ ಹೋಗುತ್ತದೆ?

ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ತಗುಲಿದೆ, ಬುಡದ ಸಂತೆ ಮೈದಾನದಲ್ಲಿ ಇನ್ನೂ ಮಬ್ಬು. ಸೊಪ್ಪಿನ ಗಾಡಿಗಳು ಬರುವ ಮುಂಚೆಯೇ ಜಾಗ ಹಿಡಿದಿರುವ ತೋವಿನಕೆರೆಯ ಸಣ್ಣರಂಗಯ್ಯ ಒಂದು ತಗಡಿನ ತೊಟ್ಟಿಯೊಳಗೆ ತಲೆಕೆಳಗಾಗಿ ಇಳಿದು ಯಾವುದೋ ಸರಪಳಿಗೆ ಗ್ರೀಸು ಬಳಿಯುತ್ತಿದ್ದಾರೆ. ಹೊರಗೆ ಕಾಣುವುದು ಎರಡು ಪಾದ ಮಾತ್ರ, ಅವೂ ಸುಮ್ಮನಿಲ್ಲ. ಇವತ್ತು ಪೈಲಟ್ ಸಾಹೇಬರು ಎರಡನೇ ಸಲ ಬರುವವರಿದ್ದಾರೆ.

"ರಾತ್ರಿ ಮುದ್ದೆ ಗಂಟಲಲ್ಲಿ ಇಳೀಲಿಲ್ಲ ಕಣಪ್ಪ" ಎನ್ನುತ್ತಾರೆ ಮೇಲೆದ್ದು, ಮೂಗಿನ ಮೇಲಿನ ಗ್ರೀಸನ್ನು ಕೆನ್ನೆಗೂ ಹರಡಿಕೊಳ್ಳುತ್ತ. "ಮದುವೆ ದಿನಾನೂ ಇಂಗಾಗಿರ್ಲಿಲ್ಲ." ಗಾಡಿಯ ಮರೆಯಲ್ಲಿ ಒಲೆ ಹೂಡುತ್ತಿದ್ದ ಹೆಂಡತಿ ದಾಸಮ್ಮ, "ಮದುವೆ ದಿನ ಎಂಟು ಹೋಳಿಗೆ ತಿಂದಿದ್ರು" ಎಂದು ಸಾಕ್ಷಿ ನುಡಿಯುತ್ತಾರೆ.

ತೊಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿದೆ: 'ಯುದ್ಧ ವಿಮಾನ. ನಿಜವಾದ ವಿಮಾನದಂತೆಯೇ.' ಈ ಎರಡನೇ ಮಾತು ನಿಜವೋ ಸುಳ್ಳೋ ಎನ್ನುವುದು ಇವತ್ತು ತೀರ್ಮಾನವಾಗಬೇಕು. ಸುಳ್ಳೆಂದಾದರೆ ಅಳಿಸಲು ಒಂದು ಡಬ್ಬ ಬಿಳಿ ಬಣ್ಣವನ್ನೂ ಸಣ್ಣರಂಗಯ್ಯ ಗಾಡಿಯಲ್ಲಿ ಇಟ್ಟುಕೊಂಡೇ ಬಂದಿದ್ದಾರೆ.

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸಂತೆಗಳಲ್ಲಿ ಈ ತೊಟ್ಟಿಯನ್ನು ನೋಡದವರು ಕಡಿಮೆ. ಮಾಡಿದವರ ಹೆಸರು ಗೊತ್ತಿರುವವರು ಅದಕ್ಕಿಂತ ಕಡಿಮೆ. ಒಳಗೆ ಕೂತರೆ ಎದುರಿಗೆ ಗಾಜಿನ ಕಿಟಕಿ. ಕಿಟಕಿಯಾಚೆ ಒಂದು ಉದ್ದನೆಯ ಬಟ್ಟೆ ಸುರುಳಿ ಸುತ್ತುತ್ತ ಹೋಗುತ್ತದೆ, ಅದರ ಮೇಲೆ ಹೊಲ, ಕೆರೆ, ಬೆಟ್ಟ. ನಡುವೆ ತಂತಿಗೆ ತೂಗುಬಿಟ್ಟ ತಗಡಿನ ಶತ್ರು ವಿಮಾನಗಳು. ಆಡುವವರ ಕೈಯಲ್ಲಿ ಒಂದು ಕೋಲು. ಕೋಲು ಆಡಿಸಿದಂತೆ ತೊಟ್ಟಿ ಮೂತಿ ಎತ್ತುತ್ತದೆ, ಮೂತಿ ತಗ್ಗಿಸುತ್ತದೆ. ಗುರಿ ಹಿಡಿದು ಗುಂಡಿ ಒತ್ತಿದರೆ ಗಂಟೆ ಬಾರಿಸುತ್ತದೆ, ಒಂದು ಶತ್ರು ಬಿತ್ತು ಎಂದು ಲೆಕ್ಕ. ಬೆಟ್ಟಕ್ಕೆ ಗುದ್ದಿದರೆ ಲಾರಿಯ ಹಾರನ್ ಕಿವಿ ಹರಿಯುವಂತೆ ಕೂಗಿ, ನೀವು ಸತ್ತಿರಿ ಎಂದು ಇಡೀ ಸಂತೆಗೆ ಸಾರುತ್ತದೆ. ಒಂದು ಹಾರಾಟ ಎರಡೂವರೆ ನಿಮಿಷ. ಸಂತೆಯ ದಿನ ಅರವತ್ತು, ಎಪ್ಪತ್ತು ಮಂದಿ ಹಾರುತ್ತಾರೆ. ಎಲ್ಲಾ ನಡೆಯುವುದು ಎರಡು ಲಾರಿ ಬ್ಯಾಟರಿಯ ಮೇಲೆ.

ಈ ಹುಚ್ಚು ಹತ್ತಿದ್ದು ಹೊಲದಲ್ಲಿ. ಸಾವಿರದ ಒಂಬೈನೂರ ಎಪ್ಪತ್ತಮೂರನೇ ಇಸವಿ. ಸಣ್ಣರಂಗಯ್ಯ ನೇಗಿಲು ಹೂಡಿದ್ದಾಗ ಎರಡು ಯುದ್ಧ ವಿಮಾನಗಳು ಕೆರೆಯ ಮೇಲೆ, ತೆಂಗಿನ ಗರಿಗೆ ತಾಗುವಷ್ಟು ತಗ್ಗಿನಲ್ಲಿ ಹಾದುಹೋದವು. ಎತ್ತುಗಳು ನೊಗ ಕಿತ್ತುಕೊಂಡು ಓಡಿದವು. ಇವರು ಎತ್ತಿನ ಗೋಜಿಗೆ ಹೋಗದೆ ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ನಿಂತರು. ಆಮೇಲೆ ಶಿರಾದ ಉಸ್ತಾದರೊಬ್ಬರ ಕೈಕೆಳಗೆ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವುದು ಕಲಿತರು. ಹಗಲು ಊರವರ ಮೋಟಾರು, ಬಿಡುವಿನಲ್ಲಿ ತಮ್ಮ ವಿಮಾನ. ಆರು ವರ್ಷ ಹಿಡಿಯಿತು. ನೆಂಟರೆಲ್ಲ ಇವರಿಗೆ ತಲೆ ಕೆಟ್ಟಿದೆ ಎಂದರು, ದಾಸಮ್ಮ ಒಬ್ಬರು ಬಟ್ಟೆಗೆ ಚಿತ್ರ ಬರೆಯಲು ಕೂತರು. ನೆಲ ಮೇಲಿನಿಂದ ಹೇಗೆ ಕಾಣುತ್ತದೆಂದು ಗೊತ್ತಿಲ್ಲದ ಕಾರಣ ಬುತ್ತಿ ಕಟ್ಟಿಕೊಂಡು ನಾಲ್ಕು ದಿನ ಚನ್ನರಾಯನದುರ್ಗದ ಬೆಟ್ಟ ಹತ್ತಿ ನೋಡಿಕೊಂಡು ಬಂದರಂತೆ.

ಕೋಲನ್ನು ಏನೆಂದು ಕರೆಯುವುದು? ಸಣ್ಣರಂಗಯ್ಯನಿಗೆ ಅನುಮಾನವೇ ಬರಲಿಲ್ಲ. ವಿಮಾನದ ಮೂಗನ್ನು ಆಡಿಸುವುದು ಮೂಗುದಾರ. ಗಾಡಿ ಹೊಡೆದವರ ಲೆಕ್ಕದಲ್ಲೇ ಅದನ್ನು ಜೋಡಿಸಿದರು. "ಹಗ್ಗ ಸಡಿಲ ಬುಟ್ರೆ ಎತ್ತು ಓಡ್ತದೆ, ಜಗ್ಗಿದ್ರೆ ನಿಲ್ತದೆ. ಆಕಾಶದಾಗೆ ನಿಲ್ಲೋದು ಅಂದ್ರೆ ಕೆಳಕ್ಕಿಳಿಯೋದೇ ಅಲ್ವಾ?" ಹಾಗಾಗಿ ಮುಂದಕ್ಕೆ ನೂಕಿದರೆ ಮೇಲೆ, ಹಿಂದಕ್ಕೆ ಜಗ್ಗಿದರೆ ಕೆಳಗೆ. ನಾಲ್ಕು ತಾಲ್ಲೂಕಿನ ಜನ ಏಳು ವರ್ಷ ಹೀಗೇ ಹಾರಿದರು. ಕಡಲೆಕಾಯಿ ಮಾರುವ ಅಶ್ವತ್ಥಮ್ಮ ಒಂದೇ ಹಾರಾಟದಲ್ಲಿ ಒಂಬತ್ತು ವಿಮಾನ ಕೆಡವಿದ್ದು ಇವತ್ತಿಗೂ ದಾಖಲೆ.

ಮೂರು ತಿಂಗಳ ಹಿಂದೆ ವಿಂಗ್ ಕಮಾಂಡರ್ ಜಯರಾಮಯ್ಯ ಈ ಮೈದಾನಕ್ಕೆ ಬಂದರು. ಎಪ್ಪತ್ತೊಂದರ ಯುದ್ಧದಲ್ಲಿ ನ್ಯಾಟ್ ವಿಮಾನ ಹಾರಿಸಿದವರು, ಈಗ ನಿವೃತ್ತರಾಗಿ ಮಧುಗಿರಿಯಲ್ಲೇ ಇದ್ದಾರೆ. ಬದನೆಕಾಯಿಗೆಂದು ಬಂದವರು ತೊಟ್ಟಿಯ ಮೇಲಿನ ಬರಹ ಓದಿ ನಿಂತುಬಿಟ್ಟರು. ಸಣ್ಣರಂಗಯ್ಯ ಓಡಿ ಬಂದರು. ಏಳು ವರ್ಷದಿಂದ ಒಬ್ಬ ನಿಜವಾದ ಪೈಲಟ್ ಸಿಗಲೆಂದು ಕಾದಿದ್ದ ಮನುಷ್ಯ. ಸಾಹೇಬರು ಒಪ್ಪಿ ಆ ಬರಹದ ಕೆಳಗೆ ಸಹಿ ಹಾಕಿದರೆ ಜನ್ಮ ಸಾರ್ಥಕ ಎಂದುಕೊಂಡು, ಟವೆಲ್ಲಿನಿಂದ ಸೀಟು ಒರೆಸಿ ಕೂರಿಸಿದರು.

ಜಯರಾಮಯ್ಯ ತೊಟ್ಟಿಯೊಳಗೆ ಇಳಿದು, "ನಮ್ಮ ನ್ಯಾಟೂ ಹೀಗೇ ಇಕ್ಕಟ್ಟು, ಭುಜ ಎರಡೂ ಕಡೆ ತಾಗೋದು" ಎಂದು ನಕ್ಕರು. ಬಟ್ಟೆ ಓಡಿತು. ಎದುರಿಗೆ ದಾಸಮ್ಮ ಬರೆದ ಮಧುಗಿರಿ ಬೆಟ್ಟ ಬಂತು. ಸಾಹೇಬರು ಕೋಲನ್ನು ಎದೆಗೆ ಎಳೆದುಕೊಂಡರು. ತೊಟ್ಟಿ ಮುಗ್ಗರಿಸಿ ಬೆಟ್ಟಕ್ಕೆ ಗುದ್ದಿತು. ಹಾರನ್ ಕೂಗಿತು. ಇನ್ನೊಂದು ಸಲ ಹಾರಿದರು, ಮತ್ತೆ ಹಾರನ್. ಮೂರನೇ ಸಲವೂ ಅದೇ ಬೆಟ್ಟ, ಅದೇ ಹಾರನ್. ಸಂತೆಯೆಲ್ಲ ಸೇರಿಬಿಟ್ಟಿತು. "ಈವಯ್ಯ ಪೈಲಟ್ಟಂತೆ ಕಣ್ಲಾ" ಎಂದು ಯಾರೋ ನಕ್ಕರು. ಅಶ್ವತ್ಥಮ್ಮನಿಗೆ ತಡೆಯಲಾಗಲಿಲ್ಲ. "ಜಗ್ಗಬ್ಯಾಡಿ ಸ್ವಾಮಿ, ನೂಕಿ. ಇಷ್ಟೂ ತಿಳೀದಾ?"

ಬೆವರು ಒರೆಸಿಕೊಳ್ಳುತ್ತ ಇಳಿದ ಸಾಹೇಬರಿಗೆ ಕೋಪವಿರಲಿಲ್ಲ. "ಇಪ್ಪತ್ತು ವರ್ಷ ಜಗ್ಗಿದ ಕೈ ರಂಗಯ್ಯ, ನೂಕು ಅಂದ್ರೆ ಕೇಳಲ್ಲ. ವಿಮಾನದಲ್ಲಿ ಎಳೆದರೆ ಮೇಲೆ, ನೂಕಿದರೆ ಕೆಳಗೆ. ನೀವು ಉಲ್ಟಾ ಮಾಡಿದ್ದೀರಿ." ಸಣ್ಣರಂಗಯ್ಯನ ಮುಖ ಸಣ್ಣಗಾಯಿತು. ಎತ್ತು, ಹಗ್ಗ, ನಿಲ್ಲುವುದು ಎಂದು ತಮ್ಮ ಲೆಕ್ಕವನ್ನೆಲ್ಲ ತೊದಲಿದರು. ಜಯರಾಮಯ್ಯ ಪಕ್ಕದಲ್ಲೇ ಕಟ್ಟಿದ್ದ ಗಾಡಿಯ ಎತ್ತನ್ನು ತೋರಿಸಿ, "ಹಿಂದಿನಿಂದ ಅದರ ಮೂಗುದಾರ ಜಗ್ಗಿ. ಕಾಲು ನೋಡಬೇಡಿ, ತಲೆ ನೋಡಿ" ಎಂದರು. ಸಣ್ಣರಂಗಯ್ಯ ಜಗ್ಗಿದರು. ಎತ್ತು ಮೂತಿಯನ್ನು ಆಕಾಶಕ್ಕೆ ಎತ್ತಿತು.

"ಹುಟ್ಟಿದಾಗಿಂದ ಎತ್ತಿನ ಹಿಂದೇನೇ ಇವ್ನಿ" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ನಿಲ್ತೋ ಇಲ್ವೋ ಅಂತ ಕಾಲೇ ನೋಡ್ಕಂಡು ಬಂದ್ಬುಟ್ಟೆ, ತಲೆ ನೋಡ್ಲೇ ಇಲ್ಲ." ಅಂದು ಸಾಹೇಬರು ಸಹಿ ಹಾಕಲಿಲ್ಲ. ಸರಿ ಮಾಡಿ ಹೇಳಿ ಕಳಿಸಿ, ಬರುತ್ತೇನೆ ಎಂದು ಬದನೆಕಾಯಿ ತಗೊಂಡು ಹೋದರು.

ಸರಪಳಿ ಅದಲುಬದಲು ಮಾಡುವುದು ಅರ್ಧ ಗಂಟೆಯ ಕೆಲಸ. ಕಷ್ಟ ಶುರುವಾಗಿದ್ದು ಆಮೇಲೆ. ಏಳು ವರ್ಷ ನೂಕಿ ಕಲಿತ ಜನರೆಲ್ಲ ಬೆಟ್ಟಕ್ಕೆ ಗುದ್ದತೊಡಗಿದರು. ಶಿರಾದಲ್ಲಿ ಒಂದೇ ದಿನ ಹಾರನ್ ಐವತ್ತೆಂಟು ಸಲ ಕೂಗಿತು. ಪಾವಗಡದಲ್ಲಿ "ಪೈಕಿ, ಪೈಕಿ" ಎಂದು ತೆಲುಗಿನಲ್ಲಿ ಮೇಲೆ ಹೋಗಲು ಹುರಿದುಂಬಿಸುತ್ತಿದ್ದವರ ಕಣ್ಣೆದುರೇ ವಿಮಾನ ನೆಲ ಕಚ್ಚಿತು. ಒಂಬತ್ತು ಕೆಡವಿದ್ದ ಅಶ್ವತ್ಥಮ್ಮ ಒಂದನ್ನೂ ಕೆಡವಲಾಗದೆ ಇಳಿದು, "ಚೆನ್ನಾಗಿದ್ದಿದ್ದ ಕುಲಗೆಡಿಸ್ಬುಟ್ಟೆ ಕಣಣ್ಣ" ಎಂದು ಐದು ಸಂತೆ ಈ ಕಡೆ ತಲೆ ಹಾಕಲಿಲ್ಲ. ಎಪ್ಪತ್ತು ಮಂದಿ ಹಾರುತ್ತಿದ್ದ ತೊಟ್ಟಿಗೆ ಹನ್ನೆರಡು ಮಂದಿ ಬಂದರೆ ಹೆಚ್ಚು. ಮೊದಲಿನ ಹಾಗೇ ತಿರುಗಿಸಿಬಿಡಿ ಎಂದು ನೆಂಟರು ಕೊಟ್ಟ ಬುದ್ಧಿಗೆ ಲೆಕ್ಕವಿಲ್ಲ.

"ತಿರುಗ್ಸಿದ್ರೆ ಜನ ಬತ್ತಾರೆ, ಸರಿ. ಬರೆದಿರೋ ಮಾತು ಏನಾಯ್ತದೆ?" ಎಂದು ಕೇಳುತ್ತಾರೆ ಸಣ್ಣರಂಗಯ್ಯ. "ನಿಜ ಮಾಡ್ಬೇಕು, ಇಲ್ಲಾಂದ್ರೆ ಅಳಿಸ್ಬೇಕು."

ಅಗೋ, ಬಿಳಿ ಷರಟು ತೊಟ್ಟು ಸೈಕಲ್ಲಿನಲ್ಲಿ ಜಯರಾಮಯ್ಯ ಬಂದೇ ಬಿಟ್ಟರು. ಸಂತೆ ಆಗಲೇ ಕಳೆಕಟ್ಟಿದೆ. ಸುದ್ದಿ ತಿಳಿದವರೆಲ್ಲ ತೊಟ್ಟಿಯ ಸುತ್ತ ನೆರೆದಿದ್ದಾರೆ. ಮುನಿಸಿಕೊಂಡ ಅಶ್ವತ್ಥಮ್ಮ ಕೂಡ ಕಡಲೆಕಾಯಿ ಮಂಕರಿ ಕಂಕುಳಲ್ಲಿಟ್ಟುಕೊಂಡು ಎದುರಿಗೇ ನಿಂತಿದ್ದಾರೆ. ಸಾಹೇಬರು ಕೂತರು. ಬಟ್ಟೆ ಓಡಿತು. ಮಧುಗಿರಿ ಬೆಟ್ಟ ಬಂತು. ಕೋಲನ್ನು ಎದೆಗೆ ಎಳೆದರು. ತೊಟ್ಟಿ ಮೂತಿಯೆತ್ತಿ ಬೆಟ್ಟದ ನೆತ್ತಿಯನ್ನು ಸವರಿಕೊಂಡು ಆಚೆಗೆ ದಾಟಿತು. ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಸಂತೆಗೆ ಸಂತೆಯೇ ಕೇಕೆ ಹಾಕುತ್ತಿದೆ, ದಾಸಮ್ಮನ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ, ನೋಡುವವರಿಲ್ಲ.

ಆಗ ಒಂದು ವಿಚಿತ್ರ ನಡೆಯುತ್ತದೆ. ಹಾರುತ್ತ ಹಾರುತ್ತ ಜಯರಾಮಯ್ಯ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದೆ ಇರುವುದು ತಗಡು, ತಗಡಿನಾಚೆ ಸಣ್ಣರಂಗಯ್ಯನ ಮುಖ. ಎರಡೂವರೆ ನಿಮಿಷದಲ್ಲಿ ಏಳು ಸಲ ಹಾಗೆ ನೋಡುತ್ತಾರೆ.

ಇಳಿದಾಗ ಅವರ ಬಿಳಿ ಷರಟು ಬೆನ್ನಿಗೆ ಅಂಟಿದೆ. "ನಿಜವಾದ ವಿಮಾನ ತಿರುಗಿದಾಗ ಮೈಭಾರ ಐದು ಪಟ್ಟು ಆಗುತ್ತೆ, ಕಣ್ಣಿಗೆ ಕತ್ತಲೆ ಕಟ್ಟುತ್ತೆ. ಇಲ್ಲಿ ಅದಿಲ್ಲ. ಸತ್ತರೆ ಇಲ್ಲಿ ಹಾರನ್ ಕೂಗುತ್ತೆ, ಅಲ್ಲಿ ಏನೂ ಕೂಗಲ್ಲ" ಎನ್ನುತ್ತಾರೆ. ಸಣ್ಣರಂಗಯ್ಯ ಬಿಳಿ ಬಣ್ಣದ ಡಬ್ಬದ ಕಡೆ ನೋಡುತ್ತಾರೆ. "ಆದರೆ ಶತ್ರು ಯಾವಾಗಲೂ ಹಿಂದಿನಿಂದ ಬರ್ತಾನೆ ರಂಗಯ್ಯ. ಬೆಟ್ಟ ದಾಟಿದ ಮೇಲೆ ಇದು ಆಟ ಅನ್ನೋದು ಮರೆತೇ ಹೋಯ್ತು. ಹದಿನೈದು ವರ್ಷದ ಮೇಲೆ ಕತ್ತು ತಾನಾಗಿ ತಿರುಗಿತು."

ಕುಂಚ ಕೇಳಿ ಇಸಿದುಕೊಂಡು, ಕೆಂಪು ಬರಹದ ಕೆಳಗೆ ಬಗ್ಗಿ, ಒಂದೊಂದೇ ಅಕ್ಷರ ಬರೆಯುತ್ತಾರೆ: 'ಮೂಗುದಾರ ಸರಿಯಾಗಿದೆ. ಜಯರಾಮಯ್ಯ, ಪೈಲಟ್.' ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಶ್ವತ್ಥಮ್ಮ ಮಂಕರಿಯನ್ನು ದಾಸಮ್ಮನ ಕೈಗೆ ಕೊಟ್ಟು, "ಸರೀರಿ ಅತ್ಲಾಗೆ, ಜಗ್ಗೋದ ನಾನೂ ಕಲೀತೀನಿ" ಎಂದು ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿಯುತ್ತಾರೆ.

ಇನ್ನೇನು ಆಸೆ ಇದೆ, ಒಮ್ಮೆ ನಿಜವಾದ ವಿಮಾನ ಹತ್ತಬೇಕೆ ಎಂದು ಕೇಳಿದರೆ ಸಣ್ಣರಂಗಯ್ಯ ಹಸಿ ಬಣ್ಣದ ಮೇಲಿಂದ ಕಣ್ಣು ಕೀಳದೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ನಂಗ್ಯಾಕೆ ಬುಡಿ. ಮುಂದಿನ ಸಂತೆ ವೊತ್ಗೆ ಒಂದು ಲಾರಿ ಕನ್ನಡಿ ಹುಡುಕಿ ಒಳಗೆ ಹಾಕ್ಬೇಕು. ಹಿಂದೆ ನಾನೇ ನಿಂತಿರೋದು ಅಂತ ಸಾಹೇಬ್ರಿಗೆ ಗೊತ್ತಾಗ್ಲಿ, ಪಾಪ, ಕತ್ತು ನೋಯ್ತದೆ."