ಡ್ರಮ್ಮಿನ ನೀರು ಚೆಲ್ಲಿದ ರೇವತಿ

ರೇವತಿಯ ಕಂಪ್ಯೂಟರ್ ಚಿಪ್ಪನ್ನು ಸರಿಮಾಡಿದವಳು ನಾನೇ ಅಂತ ನಮ್ಮೂರು ಶಿರಂಗಾಲದ ಜನ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನಾನು ಆಡಿದ್ದು ಪಕ್ಕದ ಮನೆ ಜಯಮ್ಮನ ಮೇಲಿನ ಚಾಡಿ. ಕೆಲಸ ಮಾಡಿದ್ದು ರೇವತಿ.

ಅವಳು ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಮಡಿಕೇರಿ ಕಡೆಯ ಹೆಣ್ಣು. ಕಂಪ್ಯೂಟರಿನಲ್ಲಿ ಓಡುವ ಗೆರೆ ನೋಡುತ್ತಾ ಕೂತರೆ ಅಕ್ಕಿರೊಟ್ಟಿ ಕೈಯಲ್ಲೇ ಒಣಗುತ್ತಿತ್ತು. ಒಂದೊಂದು ದಿನ ಎರಡು ಕಾಲಿಗೆ ಎರಡು ಥರದ ಚಪ್ಪಲಿ, ಅದರಲ್ಲೊಂದು ನನ್ನದು.

ಬ್ಯಾಂಕಿನ ಕಾರ್ಡಿನಲ್ಲಿ ಇರುತ್ತದಲ್ಲ, ಅಂಥ ಚಿಪ್ಪಿನೊಳಗೆ ಕರೆಂಟು ಒದಗಿಸುವ ಏರ್ಪಾಡು ಮಾಡೋದು ಅವಳ ಕೆಲಸ. ಚಿಪ್ಪು ಯಾವಾಗ ಎಷ್ಟು ಕರೆಂಟು ಎಳೆಯುತ್ತದೆ ಅಂತ ಅಳೆದೇ ಕಳ್ಳರು ಒಳಗಿನ ಗುಟ್ಟಿನ ನಂಬರು ಹಿಡಿಯುತ್ತಾರಂತೆ. "ಬಾಯಿ ಮುಚ್ಚಿದ್ರೆ ಸಾಲದು ಅಜ್ಜಿ, ಉಸಿರಾಟನೂ ಹೇಳಿಬಿಡ್ತದೆ" ಅನ್ನುವಳು. ಕಂಪನಿಯವರು ಕಳ್ಳರ ಹಾಗೆ ಅಳೆದು ಪರೀಕ್ಷೆ ಮಾಡಿದಾಗ ಅವಳ ಚಿಪ್ಪು ಎರಡು ಸಲ ಗುಟ್ಟು ಬಿಟ್ಟುಕೊಟ್ಟಿತ್ತು. ಇನ್ನೊಂದು ಸಲ ಹಾಗಾದರೆ ಮೂರು ವರ್ಷದ ಕೆಲಸ ಕಸಕ್ಕೆ.

ಒಂದು ಬೆಳಿಗ್ಗೆ ನಲ್ಲಿ ಬಂದಿತ್ತು. "ಜಯಮ್ಮನ ಮನೆಗೆ ನೆಂಟರು ಬಂದವ್ರೆ" ಅಂದೆ.

"ನೋಡಿದ್ರಾ?"

"ನೋಡೋದೇನು? ದಿನಾ ಅರ್ಧ ಡ್ರಮ್ಮು ತುಂಬಿಸಿ ನಲ್ಲಿ ನಿಲ್ಲಿಸೋಳು, ಇವತ್ತು ಇನ್ನೂ ಸದ್ದು ಬರ್ತಾನೇ ಐತೆ. ನಿನ್ನೆ ಪೂರ್ತಿ ಖಾಲಿ ಮಾಡವ್ರೆ."

ರೇವತಿ ಎದ್ದಳು. ನಮ್ಮ ಡ್ರಮ್ಮನ್ನು ಬಗ್ಗಿಸಿ, ಉಳಿದಿದ್ದ ನೀರನ್ನೆಲ್ಲ ಅಂಗಳಕ್ಕೆ ಸುರಿದಳು.

"ಥೂ! ತಲೆ ಕೆಟ್ಟೈತೇನೇ?"

"ದಿನಾ ಉಳಿದದ್ದು ಚೆಲ್ಲಿ ತುಂಬಿಸಿದ್ರೆ ದಿನಾ ಒಂದೇ ಅಳತೆ ಅಜ್ಜಿ. ನಾವೆಷ್ಟು ಬಳಸಿದ್ವಿ ಅಂತ ಜಯಮ್ಮಕ್ಕ ಕಿವಿ ಕೊಟ್ಟರೂ ಗೊತ್ತಾಗಲ್ಲ."

"ನೀರು ದಂಡ."

"ದಂಡವೇ. ನನ್ನ ಚಿಪ್ಪೂ ಒಂಚೂರು ಕರೆಂಟು ದಂಡ ಮಾಡ್ಲಿ ಬಿಡಿ."

ಹೇಳಿದಷ್ಟು ಸುಲಭವಾಗಲಿಲ್ಲ. ಡ್ರಮ್ಮಿನ ನೀರಿನ ಹಾಗೆ ಚಿಪ್ಪಿನೊಳಗೆ ಕೂಡಿಟ್ಟ ಕರೆಂಟಿನಲ್ಲಿ ಎಷ್ಟು ಚೆಲ್ಲಬೇಕು, ಯಾವ ಮಟ್ಟಕ್ಕೆ ನಿಲ್ಲಿಸಬೇಕು ಅಂತ ನಾಲ್ಕು ತಿಂಗಳು ತಿದ್ದಿದಳು, ಅಳಿಸಿದಳು, ಮತ್ತೆ ತಿದ್ದಿದಳು. ಅಷ್ಟು ತಾಳ್ಮೆ ನನಗಿಲ್ಲ. ಕೊನೆಗೆ ಕಂಪನಿಯವರು ವಾರಗಟ್ಟಲೆ ಅಳೆದರೂ ನಂಬರು ಸಿಗಲಿಲ್ಲವಂತೆ. "ಬಾಯಿ ಬಿಡ್ಲಿಲ್ಲ ಅಜ್ಜಿ!" ಅಂತ ಅಡುಗೆಮನೆಗೆ ನುಗ್ಗಿ, ಬಿಸಿಬಿಸಿಯಾಗಿ ನಾಲ್ಕು ರೊಟ್ಟಿ ತಿಂದಳು.

ಗೆದ್ದವಳಿಗೆ ಮೈಸೂರಿನಲ್ಲಿ ಇನ್ನೂ ದೊಡ್ಡ ಕೆಲಸ ಕೊಟ್ಟರು. ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ಅಳೋಕೆ ಶುರುಮಾಡಿದಳು. "ಮೊದ್ಲು ಸೀಟು ಹಿಡಿ, ಆಮೇಲೆ ಅಳುವಿಯಂತೆ" ಅಂದೆ. ನಗುತ್ತಾ ಹತ್ತಿದಳು.

ಮರುದಿನ ಬೆಳಿಗ್ಗೆ ಅವಳಿದ್ದ ಕೋಣೆಯನ್ನು ಗುಡಿಸಿ, ಬಿತ್ತನೆ ಶುಂಠಿ ಹರಡಿದೆ.